ಅಮಾವಾಸ್ಯೆಯ ನಿಂಬೆಹಣ್ಣು, ಕ್ಲಚ್ಚಿನ ಸ್ವಿಚ್ಚು

ದೇವಾಪುರದ ಅಯ್ಯಣ್ಣನ ಹಳೆಯ ಮಿನಿ ಟ್ರ್ಯಾಕ್ಟರ್ ಚಾವಿಯ ಮಾತು ಕೇಳುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಎಷ್ಟು ತಿರುವಿದರೂ ಸದ್ದಿಲ್ಲ. ಅಯ್ಯಣ್ಣನಿಗೆ ಅದರ ಚಿಂತೆಯೂ ಇರಲಿಲ್ಲ. ನೆಲದ ಮೇಲೆ ನಿಂತು, ದೊಡ್ಡ ಗಾಲಿಯ ಪಕ್ಕ ಬಗ್ಗಿ, ಎಂಜಿನ್ ತಿರುಗಿಸುವ ಸೆಲ್ಫ್ ಮೋಟರಿನ ಎರಡು ಬೋಲ್ಟಿಗೆ ಅಡ್ಡಲಾಗಿ, ನಟ್ಟು ಬಿಚ್ಚುವ ಪಾನಾ ತಾಗಿಸುತ್ತಿದ್ದ. ಚಟ್ಟೆಂದು ಕಿಡಿ ಹಾರಿ ಎಂಜಿನ್ ಚಾಲೂ ಆಗುತ್ತಿತ್ತು. ಊರಲ್ಲಿ ಅರ್ಧ ಜನ ಹೀಗೇ ಮಾಡುವವರು, ಅವನೊಬ್ಬನದೇನು ಹೆಚ್ಚು?

ಅಮಾವಾಸ್ಯೆಗೊಮ್ಮೆ ಟ್ರ್ಯಾಕ್ಟರಿಗೆ ಪೂಜೆ. ಹೆಂಡತಿ ಹಂಪಮ್ಮ ಪೂಜೆಯ ತಟ್ಟೆ ಇಟ್ಟುಕೊಂಡು ಮುಂದಿನ ಗಾಲಿಗಳ ಬುಡದಲ್ಲಿ ಕೂತು, ತಮ್ಮ ತೋಟದ ನಿಂಬೆಹಣ್ಣನ್ನೇ ಇಡುತ್ತಿದ್ದಳು. ಒಂದು ಅಮಾವಾಸ್ಯೆಯಂದು ಎಂದಿನಂತೆ ಇಟ್ಟಳು. ಕರ್ಪೂರ ಹಚ್ಚಲು ನೋಡಿದರೆ ಕಡ್ಡಿಪೆಟ್ಟಿಗೆಯೇ ಇಲ್ಲ. ತನ್ನ ಮರೆವನ್ನು ತಾನೇ ಬೈದುಕೊಳ್ಳುತ್ತ ಒಳಗೆ ಹೋದಳು.

ಪೂಜೆ ಮುಗಿಯಿತೆಂದು ತಿಳಿದ ಅಯ್ಯಣ್ಣ ಪಾನಾ ತಾಗಿಸಿದ. ಹ್ಯಾಂಡ್ ಬ್ರೇಕ್ ಸಡಿಲವೆಂದು ಹಿಂದಿನ ಸಂಜೆ ಗಾಡಿಯನ್ನು ಗೇರಿನಲ್ಲೇ ಬಿಟ್ಟಿದ್ದು ಅವನಿಗೆ ನೆನಪಿರಲಿಲ್ಲ. ಟ್ರ್ಯಾಕ್ಟರ್ ಒಮ್ಮೆಲೇ ಮುಂದಕ್ಕೆ ಜಿಗಿಯಿತು. ಪೂಜೆಯ ತಟ್ಟೆಯನ್ನು ಅರೆದು, ಅವನ ಧೋತರದ ಅಂಚು ಹರಿದು, ದನದ ಕೊಟ್ಟಿಗೆಯ ಗೋಡೆಗೆ ಗುದ್ದಿ ನಿಂತಿತು.

ಕಡ್ಡಿಪೆಟ್ಟಿಗೆ ಹಿಡಿದು ಬಂದ ಹಂಪಮ್ಮನಿಗೆ ಕಂಡದ್ದು ಚಪ್ಪಟೆಯಾದ ತಟ್ಟೆ. ಅದರ ಪಕ್ಕದಲ್ಲೇ ಅವಳು ಕೂತಿದ್ದಳು. ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ತಲೆಗೆ ಬಂದದ್ದು ರುಮಾಲಿಗೆ ಹೋಗಿತ್ತು.

"ನೋಡ್ದಿ? ನಿಂಬಿಹಣ್ಣು ಕಾಯ್ತು," ಎಂದ ಅಯ್ಯಣ್ಣ.

"ನಿಂಬಿಹಣ್ಣಲ್ರಿ, ಈ ಕಡ್ಡಿಪೆಟ್ಟಿಗಿ ಕಾಯ್ತು. ಇದು ರಿಪೇರಿ ಆಗೋತನಾ ನಾ ಇದರ ಮುಂದ ಕುಂದ್ರಂಗಿಲ್ಲ."

ಅವಳೇ ಹೋಗಿ ಉಮಾಳನ್ನು ಕರೆತಂದಳು. ಉಮಾ ಅದೇ ಓಣಿಯ ಸೊಸೆ. ತರಬೇತಿ ಪಡೆದು, ರೈತರಿಗೆ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೇಂದ್ರದಲ್ಲಿ ರಿಪೇರಿ ಕೆಲಸ ಮಾಡುವವಳು. ಬಂದವಳೇ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದಳು. ಆಮೇಲೆ ಚಾವಿಯ ವೈರು ಹಿಡಿದು ಹುಡುಕುತ್ತ ಕ್ಲಚ್ ಪೆಡಲಿನ ಬುಡಕ್ಕೆ ಬಂದಳು. ಅಲ್ಲಿ ಹೆಬ್ಬೆರಳಿನಷ್ಟು ಒಂದು ಸ್ವಿಚ್ಚು ಮಣ್ಣು ಮೆತ್ತಿ ತುಕ್ಕು ಹಿಡಿದಿತ್ತು.

"ಕಾಕಾ, ಕ್ಲಚ್ ತುಳಿದಾಗ ಇದು ಒತ್ತಬೇಕು. ಒತ್ತಿದ್ರಷ್ಟ ಸೆಲ್ಫಿಗೆ ಕರೆಂಟ್ ಹೋಗ್ತದ. ಮಣ್ಣು ತುಂಬಿ ಕೆಟ್ಟದ ನೋಡ್ರಿ."

"ಇಷ್ಟಕ್ಕ ಹೊಸಾದ್ಯಾಕ ತಂಗಿ? ಎರಡೂ ವೈರ್ ಕೂಡಿಸಿ ಬಿಡು."

"ಕೂಡಿಸಿದ್ರ ಚಾಲೂ ಆಗ್ತದ್ರಿ. ಗೇರ್‌ನ್ಯಾಗ ಇದ್ರೂ ಆಗ್ತದ. ಇವತ್ತ ಆದದ್ದು ಅದ ಅಲ್ಲೇನ್ರಿ? ಪಾನಾಕ್ಕ ಗೇರ್ ಯಾವುದು, ಕಾಕಿ ಯಾರು ಅಂತ ಗೊತ್ತಾಗಂಗಿಲ್ಲ."

ಅಯ್ಯಣ್ಣ ಹರಿದ ಧೋತರ ನೋಡಿಕೊಂಡ. ಹೊಸ ಸ್ವಿಚ್ಚಿಗೆ ದುಡ್ಡು ತೆಗೆದುಕೊಟ್ಟ.

ಸುರಪುರದಿಂದ ಹೊಸ ಸ್ವಿಚ್ಚು ಬಂತು. ಅದನ್ನು ಹಾಕಲು ಉಮಾಳಿಗೆ ಅರ್ಧ ತಾಸೂ ಹಿಡಿಯಲಿಲ್ಲ. ಹ್ಯಾಂಡ್ ಬ್ರೇಕನ್ನೂ ಬಿಗಿ ಮಾಡಿ, ಬಿಚ್ಚಿದ್ದ ಬ್ಯಾಟರಿ ವೈರನ್ನು ಮತ್ತೆ ಜೋಡಿಸಿದಳು. ಎಲ್ಲರನ್ನೂ ದೂರ ಸರಿಸಿ, ಅಯ್ಯಣ್ಣನನ್ನು ಸೀಟಿನ ಮೇಲೆ ಕೂರಿಸಿ ಹೇಳಿದಳು: "ಗೇರ್‌ನ್ಯಾಗ ಇರಲಿ. ಕ್ಲಚ್ ತುಳೀಬ್ಯಾಡ್ರಿ. ಚಾವಿ ತಿರುವ್ರಿ."

ತಿರುವಿದ. ಗಾಡಿ ಮಿಸುಕಲಿಲ್ಲ.

"ಈಗ ನ್ಯೂಟ್ರಲ್ ಮಾಡಿ, ಕ್ಲಚ್ ತುಳಿದು ತಿರುವ್ರಿ."

ಎಂಜಿನ್ ಗುಡುಗುಡು ಎಂದಿತು. ಹಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಮುಂದಿನ ಅಮಾವಾಸ್ಯೆ ನಿಂಬೆಹಣ್ಣು ಹಿಡಿದ ಹಂಪಮ್ಮ ಗಾಲಿಯ ಹತ್ತಿರ ಒಂದು ಗಳಿಗೆ ನಿಂತಳು. ಅಯ್ಯಣ್ಣ ಚಾವಿ ತೆಗೆದು ಅವಳ ಕೈಗಿಟ್ಟ. "ಪೂಜಿ ಮುಗಿಸಿ, ನೀ ಬಾಜೂಕ ಬಂದು ಕೊಟ್ಟ ಮ್ಯಾಲೇ ಚಾಲೂ ಮಾಡ್ತೀನಿ," ಎಂದ. ಅವಳು ಚಾವಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ನಿಶ್ಚಿಂತೆಯಿಂದ ಕೂತಳು.

ಅಣ್ಣಂದಿರೇ, ಅಕ್ಕಂದಿರೇ, ಚಾವಿಗೆ ಟ್ರ್ಯಾಕ್ಟರ್ ಚಾಲೂ ಆಗದಿದ್ದರೆ ಪಾನಾ ಹುಡುಕಬೇಡಿ, ರಿಪೇರಿ ಬಲ್ಲವರನ್ನು ಹುಡುಕಿ. ವೈರು ಕೂಡಿಸಿ ಸ್ವಿಚ್ಚು ತಪ್ಪಿಸಬೇಡಿ. ಮುಂದೆ ಹಿಂದೆ ಯಾರೂ ಇಲ್ಲವೆಂದು ನೋಡಿ, ಸೀಟಿನ ಮೇಲೆ ಕೂತು, ನ್ಯೂಟ್ರಲ್ ಮಾಡಿ, ಕ್ಲಚ್ ತುಳಿದೇ ಚಾವಿ ತಿರುವಿ. ಹಂಪಮ್ಮ ಅಂದು ಕಡ್ಡಿಪೆಟ್ಟಿಗೆ ಮರೆತಿದ್ದಳು, ಅದಕ್ಕೇ ಉಳಿದಳು. ನಿಮ್ಮ ಮನೆಯಾಕೆ ಮರೆಯಲಿಕ್ಕಿಲ್ಲ.