ರೈಲಿಲ್ಲದ ಗೇಟು

ರಾಜ್ಯದ ಒಂದು ಮೂಲೆಯಲ್ಲಿ ಅಂಗೈಯಗಲದ ಊರೊಂದಿತ್ತು. ಅದರ ಅಂಚಿನಲ್ಲಿ ಹಾಯುತ್ತಿದ್ದ ರೈಲು ಅಲ್ಲಿ ನಿಲ್ಲುತ್ತಿರಲಿಲ್ಲ. ಆದರೆ ಅದು ಬರುವ ಹೊತ್ತಿಗೆ ಗೇಟು ಹಾಕುತ್ತಿದ್ದರು. ದಾರಿಯ ಗಾಡಿ, ಲಾರಿಗಳೆಲ್ಲ ನಿಲ್ಲುತ್ತಿದ್ದವು. ನಿಂತವರಿಗೆ ಸೌತೆಕಾಯಿ ಸೀಳಿ, ಉಪ್ಪು ಖಾರ ಸವರಿ ಮಾರುತ್ತಿದ್ದವಳು ಫಕೀರವ್ವ. ಊರಿನ ಮುಕ್ಕಾಲು ಪಾಲು ಜನ ಹೀಗೆ ಆ ಗೇಟಿನ ಅನ್ನ ತಿಂದವರೇ.

ಹೊಸ ಮಂತ್ರಿ ಬಂದವನೇ ರೈಲು ನಿಲ್ಲಿಸಿ, ಹಳಿ ಕಿತ್ತು ಮಾರಿಕೊಂಡ. ರಾಜನಿಗೆ ಮಾತ್ರ ರೈಲು ಓಡುತ್ತಲೇ ಇದೆ ಎಂದು ಹೇಳಿದ. ಗೇಟು ಮೇಲೆದ್ದೇ ಉಳಿಯಿತು. ಗಾಡಿಗಳು ಊರಿನತ್ತ ಕಣ್ಣೂ ಹಾಯಿಸದೆ ಧೂಳೆಬ್ಬಿಸಿ ಹೋದವು. ಒಂದೊಂದೇ ಮನೆ ಗಂಟುಮೂಟೆ ಕಟ್ಟತೊಡಗಿತು. ಹುಟ್ಟಿದೂರು ಕಣ್ಣೆದುರೇ ಅಳಿಯುವುದನ್ನು ಕಂಡು ಫಕೀರವ್ವನ ಹೊಟ್ಟೆಗೆ ಬೆಂಕಿ ಬಿತ್ತು.

ಸಂಬಳವಿಲ್ಲದಿದ್ದರೂ ಗುಡಿಸಲು ಬಿಡದೆ ಕೂತಿದ್ದ ಗೇಟಿನವನ ಹತ್ತಿರ ಹೋಗಿ, ಗೇಟು ಹಾಕು ಎಂದಳು. ರೈಲೇ ಇಲ್ಲದೆ ಹಾಕುವುದು ಹೇಗೆ, ಯಾರಾದರೂ ಕೇಳಿದರೆ ಏನು ಹೇಳಲಿ ಎಂದು ಅವನು ತಲೆ ಕೆರೆದುಕೊಂಡ.

"ಯಾರೂ ಕೇಳಂಗಿಲ್ಲ ಬಿಡಪ್ಪಾ. ಗೇಟ ಹಾಕಿದ್ರ ಮಂದಿ ಸುಮ್ನ ನಿಂದರ್ತಾರ."

ನಿಂತರು. ಹಳಿಯಿದ್ದ ಜಾಗದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿದ್ದರೂ ಯಾಕೆಂದು ಒಬ್ಬನೂ ಕೇಳಲಿಲ್ಲ. ಓದಿದವರು ಗಡಿಯಾರ ನೋಡಿಕೊಂಡು, ರೈಲು ಯಾಕೋ ತಡ ಎಂದು ಗೊಣಗಿ, ಇನ್ನೊಂದು ಸೌತೆಕಾಯಿ ಕೊಂಡರು. ಊರಿಗೆ ಮತ್ತೆ ಉಸಿರು ಬಂತು.

ಹೀಗಿರುವಾಗ ರಾಜನ ಮೋಟಾರು ಬಂತು, ಪಕ್ಕದಲ್ಲಿ ಮಂತ್ರಿ. ಗೇಟು ಹಾಕಿತ್ತು. ಗೇಟಿನವನು ಎತ್ತಲು ಓಡಿದ. ಫಕೀರವ್ವ ಅವನ ರಟ್ಟೆ ಹಿಡಿದು ಕೂರಿಸಿದಳು. ರಾಜ ನೇಮಕ್ಕೆ ತಲೆಬಾಗುವ ಒಳ್ಳೆಯವನು, ರೈಲು ಹೋಗಲಿ ಎಂದ. ಇನ್ನೇನು ಬರುತ್ತದೆ ಪ್ರಭು ಎಂದ ಮಂತ್ರಿ. ಪಾಪ, ಬೇರೇನು ಹೇಳಿಯಾನು? ಹಳಿ ಎಲ್ಲಿ ಎಂದು ರಾಜ ಕೇಳಿದ್ದಕ್ಕೆ, ಹುಲ್ಲಿನಡಿ ಇದೆ ಎಂದ.

ಸಂಜೆಯಾದರೂ ರೈಲು ಬರಲಿಲ್ಲ. ರಾಜ ಅಲ್ಲೇ ಡೇರೆ ಹಾಕಿಸಿದ. ಅವನ ಹಿಂದೆ ದರಬಾರು ಬಂತು, ದರಬಾರಿನ ಹಿಂದೆ ದಂಡು ಬಂತು, ಊರು ಬಿಟ್ಟುಹೋದವರೂ ಮರಳಿ ಬಂದರು. ಮಳೆಗಾಲಕ್ಕೆ ಡೇರೆ ಸೋರಿ, ಕಲ್ಲಿನ ಅರಮನೆಯೇ ಎದ್ದಿತು. ಅಂಗೈಯಗಲದ ಊರು ರಾಜಧಾನಿಯಾಯಿತು. ಫಕೀರವ್ವನ ಹಿಗ್ಗಿಗೆ ಪಾರವೇ ಇರಲಿಲ್ಲ; ಅರಮನೆಯ ಊಟಕ್ಕೂ ಅವಳದೇ ಸೌತೆಕಾಯಿ ಹೋಗುತ್ತಿತ್ತು.

ಸುಳ್ಳು ಹೊತ್ತು ಹೊತ್ತು ಸೊರಗಿದ ಮಂತ್ರಿ, ಕೊನೆಗೆ ತನ್ನ ಆಸ್ತಿಯನ್ನೆಲ್ಲ ಮಾರಿ ಗುಟ್ಟಾಗಿ ಹೊಸ ಹಳಿ ಹಾಕಿಸತೊಡಗಿದ. ಒಮ್ಮೆ ರೈಲು ಹಾದುಹೋದರೆ ಸಾಕು, ರಾಜ ಹೊರಡುತ್ತಾನೆ, ತನ್ನ ಕುತ್ತಿಗೆ ಉಳಿಯುತ್ತದೆ. ಹಳಿ ಊರ ಹತ್ತಿರ ಬಂದಾಗ ಅವನೇ ಫಕೀರವ್ವನ ಬಳಿ ಬಂದು ಹೇಳಿದ: "ನಿಮ್ಮ ರೈಲು ನಾಳೆ ಬರುತ್ತದೆ ತಾಯಿ."

ಆ ಮಧ್ಯಾಹ್ನವೇ ಇಡೀ ಊರು ಹಾರೆ ಹಿಡಿದು ಹೊರಟಿತು. ಎಲ್ಲರಿಗಿಂತ ಮುಂದೆ ಫಕೀರವ್ವ, ಸೆರಗು ಸಿಕ್ಕಿಸಿಕೊಂಡು.

ಹಳಿ ಕಿತ್ತು ಎಸೆಯುವ ಸದ್ದು ಅರಮನೆಗೆ ಕೇಳಿಸಿತು. ಅದೇನು ಸದ್ದು ಎಂದು ರಾಜ ಕೇಳಿದ.

ಮಂತ್ರಿ ಕಿಟಕಿಯಿಂದ ನೋಡಿ, ಕದ ಮುಚ್ಚಿ ಹೇಳಿದ: "ರೈಲು ಬರುತ್ತಿದೆ ಪ್ರಭು."