ಮೇಲಿನಿಂದ ಮೊದಲನೆಯದು

ನಾನು ಗುಮಾಸ್ತೆಯಾಗಿರುವ ಚುನಾವಣಾ ಕಚೇರಿಯ ಗೋಡೆಯಲ್ಲಿ ನಮ್ಮ ಸಂಸತ್ ಕ್ಷೇತ್ರದ ನಕ್ಷೆ ಇದೆ. ನೋಡುವುದಕ್ಕೆ ಪಡವಲಕಾಯಿಯ ಹಾಗೆ, ಉದ್ದಕ್ಕೆ, ಸಪೂರವಾಗಿ ಇಳಿಬಿದ್ದಿದೆ. ಕಾಯಿ ನೆಟ್ಟಗೆ ಬೆಳೆಯಲಿ ಎಂದು ತುದಿಗೆ ಕಲ್ಲು ಕಟ್ಟುತ್ತಾರಲ್ಲ, ಹಾಗೆ ತೀರಾ ಕೆಳಗೆ ಒಂದು ಗುಡ್ಡ. ನಾನು ಹುಟ್ಟಿದ್ದು ಆ ಗುಡ್ಡದಲ್ಲಿ.

ಮೇಲಿನ ತುದಿಯಲ್ಲಿ ಹೊಳೆ. ಹೊಳೆಬದಿಯವರು ಗಾಳಿ ಬಂದ ಕಡೆ ತೂರಿಕೊಳ್ಳುವ ಜನ. ಒಂದು ಸಲ ಗೆಲ್ಲಿಸಿದವನನ್ನು ಮುಂದಿನ ಸಲ ಊರೊಳಗೆ ಬಿಟ್ಟುಕೊಳ್ಳುವುದಿಲ್ಲ. ನಡುವಿನ ಬಯಲಿನಲ್ಲಿ ಪೇಟೆ, ಎಣ್ಣೆ ಗಿರಣಿ, ಬಸ್ ನಿಲ್ದಾಣ. ಅಲ್ಲಿನ ಮತ ಯಾವತ್ತೂ ಅರ್ಧಕ್ಕರ್ಧ, ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಂಡ ಹಾಗೆ. ಹಾಗಾಗಿ ಕೊನೆಯ ತೀರ್ಮಾನ ಗುಡ್ಡದ್ದು. ಗುಡ್ಡದಲ್ಲಿ ಇರುವುದು ಕಲ್ಲುಗಣಿ, ಗಣಿ ಧಣಿಯದು. ಮೊದಲು ದೊಡ್ಡ ಧಣಿ ಚುನಾವಣೆಗೆ ನಿಂತ, ಅವನು ಸತ್ತ ಮೇಲೆ ಮಗ ನಿಂತ. ರಸ್ತೆ ಸರಿಯಿಲ್ಲದೆ ಗುಡ್ಡದ ಪೆಟ್ಟಿಗೆಗಳು ಎಣಿಕೆಗೆ ಕೊನೆಯಲ್ಲಿ ಬರುತ್ತಿದ್ದವು. ಎದುರು ಪಾರ್ಟಿಯವರು ಮಧ್ಯಾಹ್ನ ಹಾರ ತರಿಸುತ್ತಿದ್ದರು, ಸಂಜೆ ಅದನ್ನೇ ಧಣಿಯ ಕಡೆಯವರಿಗೆ ಅರ್ಧ ರೇಟಿಗೆ ಮಾರುತ್ತಿದ್ದರು ಎಂದು ಕಚೇರಿಯಲ್ಲಿ ಹಳೆಯ ಜೋಕು.

ಆಮೇಲೆ ಕಲ್ಲು ಮುಗಿಯುತ್ತ ಬಂತು. ಗಣಿಯ ಸಾಲುಮನೆಗಳು ಖಾಲಿಯಾದವು. ಈ ಚುನಾವಣೆಯ ಹೊತ್ತಿಗೆ ಗುಡ್ಡದ ಮತಗಟ್ಟೆಗೆ ಉಳಿದವರು ಒಂಬತ್ತು ಜನ: ಅಪ್ಪ, ಅಮ್ಮ, ಅಣ್ಣ, ಅತ್ತಿಗೆ, ಪಕ್ಕದ ಮನೆಯ ಲಾರಿ ಡ್ರೈವರ್, ಅವನ ಹೆಂಡತಿ, ಕಾವಲುಗಾರ, ಅವನ ತಾಯಿ, ಗಣಿಯ ಲೆಕ್ಕ ನೋಡುವ ರೈಟರ್. ನನ್ನ ಮತ ಪೇಟೆಯಲ್ಲಿ. ಧಣಿ ಅಷ್ಟರಲ್ಲಿ ಪೇಟೆಯ ಗಿರಣಿಗಳನ್ನೂ ಕೊಂಡಿದ್ದ. ಗುಡ್ಡದ ಮತ ಅವನಿಗೆ ಬೇಕಾಗಿಯೂ ಇರಲಿಲ್ಲ.

ಗಣಿಯಲ್ಲಿ ಒಂದು ಪದ್ಧತಿ ಇತ್ತು. ಕೆಲಸದವನು ಸತ್ತರೆ ಗೋರಿಯ ಮೇಲಿಡಲು ಹೆಸರು ಕೆತ್ತಿದ ಒಂದು ಕಲ್ಲನ್ನು ಧಣಿ ಕೊಡುತ್ತಾನೆ. ಆ ಹೆಸರುಗಳನ್ನು ಕೆತ್ತುತ್ತಿದ್ದವನು ಅಪ್ಪ. ತನ್ನ ಕಲ್ಲನ್ನೂ ಅವನೇ ಆರಿಸಿ, ನಯಮಾಡಿ, ಕೆತ್ತನೆ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸಿದ್ದ. ಹಿಂದು ಮುಂದು ಎರಡೂ ನಯ.

"ಹಿಂದುಗಡೆ ಯಾರಪ್ಪ ನೋಡ್ತಾರೆ?" ಎಂದು ಅಣ್ಣ ಕೇಳಿದ್ದ.

"ಅಡಿಯಲ್ಲಿ ಮಲಗೋನು ನಾನು. ನಾನು ನೋಡ್ತೀನಿ. ನೀನು ಹೆಸರೊಂದು ಸೊಟ್ಟ ಮಾಡದೆ ಕೆತ್ತು, ಸಾಕು."

ಕಲ್ಲಿನ ಧೂಳು ಎದೆಯಲ್ಲಿ ತುಂಬಿ ಅಪ್ಪ ಹಾಸಿಗೆ ಹಿಡಿದಿದ್ದ. ಆದರೂ ಧಣಿಗೆ ಮತ ಹಾಕದೆ ಸಾಯುವುದಿಲ್ಲ ಎಂದು ಹಟ. ಮತದಾನದ ದಿನ ಅಣ್ಣ, ಡ್ರೈವರ್ ಇಬ್ಬರೂ ಅವನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಹೊತ್ತುಕೊಂಡು ಹೋದರು. ಮಾತಿಗೆ ತಪ್ಪಲಿಲ್ಲ, ಮರುದಿನ ಸತ್ತ. ನಾನು ಹೋಗಿ ಮಣ್ಣು ಹಾಕಿ ಬಂದೆ. ಅಳು ಬರಲಿಲ್ಲ. ಎಣಿಕೆಯ ಕೆಲಸ ಇತ್ತು, ವಾಪಸು ಬಂದೆ.

ಎಣಿಕೆ ನಡೆದದ್ದು ಒಂದು ಗೋದಾಮಿನಲ್ಲಿ. ಗುಡ್ಡ ಖಾಲಿಯಾಗುತ್ತ ಬಂದ ಮೇಲೆ ಅಲ್ಲಿಂದ ಚಿಕ್ಕ ಪೆಟ್ಟಿಗೆ ಬಂದರೆ ನಮ್ಮ ಹೆಡ್ ಕ್ಲಾರ್ಕ್ ಅದನ್ನು ಪೇಟೆಯ ದೊಡ್ಡ ಪೆಟ್ಟಿಗೆಯ ಚೀಟಿಗಳ ಮೇಲೆ ಸುರಿದು, ಮೊಣಕೈವರೆಗೂ ಕೈ ಹಾಕಿ ಕಲಸುತ್ತಿದ್ದರು. ಯಾರ ಮತ ಯಾರದೆಂದು ದೇವರಿಗೂ ತಿಳಿಯುತ್ತಿರಲಿಲ್ಲ. ಅವರು ನಿವೃತ್ತರಾದರು. ಬಂದ ಅಧಿಕಾರಿ ಹೊಸಬರು, ಓದಿಕೊಂಡವರು, ಕೆಟ್ಟವರಲ್ಲ.

"ಸಾರ್, ಇದನ್ನ ಬೆರೆಸ್ತೀವಿ," ಎಂದೆ.

"ಯಾವ ನಿಯಮದಲ್ಲಿದೆಯಮ್ಮ?"

"ಯಾವುದರಲ್ಲೂ ಇಲ್ಲ ಸಾರ್. ಒಂಬತ್ತೇ ಜನ ಇರೋದು."

"ಒಂಬತ್ತಾದ್ರೂ ಅದೂ ಒಂದು ಮತಗಟ್ಟೆ ತಾನೇ? ಬೇರೇನೇ ಎಣಿಸಿ."

ಎಣಿಸಿದೆ. ಧಣಿಗೆ ಎಂಟು, ಎದುರಾಳಿಗೆ ಒಂದು. ಮೈಕಿನಲ್ಲಿ ಹಾಗೆಯೇ ಓದಿದರು. ಧಣಿಯ ಏಜೆಂಟಾಗಿ ಕೂತಿದ್ದ ರೈಟರ್ ಬೆಂಚಿನಿಂದ ತಲೆಯೆತ್ತಿ ನನ್ನನ್ನು ನೋಡಿದ. ಧಣಿ ಸಾವಿರಗಟ್ಟಲೆ ಅಂತರದಲ್ಲಿ ಗೆದ್ದ.

ಭಾನುವಾರ ಗುಡ್ಡಕ್ಕೆ ಹೋದೆ. ಅಣ್ಣ ಶೆಡ್ಡಿನಲ್ಲಿ ಅಪ್ಪನ ಹೆಸರು ಕೆತ್ತುತ್ತಿದ್ದ, ಅರ್ಧ ಮುಗಿದಿತ್ತು. ಊಟದ ಹೊತ್ತಿಗೆ ರೈಟರ್ ಬಂದು ನಮ್ಮ ಜಗಲಿಯ ಮೇಲೆ ಕೂತ. ಆಗಲೇ ಉಳಿದ ಎರಡು ಮನೆಗೂ ಹೋಗಿ ಬಂದಿದ್ದ.

"ಧಣಿಗೆ ಬೇಜಾರಾಗಿದೆ," ಎಂದ. "ಯಾರು ಅಂತ ಶನಿವಾರದೊಳಗೆ ಹೇಳ್ಬೇಕಂತೆ. ಇಲ್ಲಾಂದ್ರೆ ಮೂರು ಮನೆನೂ ಖಾಲಿ ಮಾಡ್ಬೇಕಂತೆ. ನಾನು ಹೇಳಿದ್ದಲ್ಲ, ಅವರು ಹೇಳಿದ್ದು."

"ಗೆದ್ರಲ್ಲ. ಒಂದು ಮತದಿಂದ ಏನಾಯ್ತು?" ಎಂದೆ.

"ಅನ್ನದಲ್ಲಿ ಕಲ್ಲು ಎಷ್ಟಿದ್ರೇನಮ್ಮ? ಹಲ್ಲಿಗೆ ಸಿಗೋದು ಒಂದೇ."

"ನೀವೂ ಒಂಬತ್ತರಲ್ಲಿ ಒಬ್ರು, ರೈಟರೇ," ಎಂದಳು ಅತ್ತಿಗೆ.

ರೈಟರ್ ನಕ್ಕ. "ಅದಕ್ಕೇ ನಂಗೂ ನಿದ್ದೆ ಬರ್ತಿಲ್ಲ ಕಣಮ್ಮ." ನೀರು ಕೇಳಿ ಕುಡಿದು ಹೋದ.

ಅವನು ತಿರುವು ದಾಟಿದ ಮೇಲೆ ಅಣ್ಣ ತಟ್ಟೆ ಸರಿಸಿದ.

"ಅಪ್ಪನೇ," ಎಂದ.

ಅಮ್ಮ ಸಾರು ಬಡಿಸುವ ಸೌಟನ್ನು ಹಾಗೇ ಹಿಡಿದುಕೊಂಡಳು. ನಾನು, "ಅಪ್ಪ ಧಣಿಗಲ್ಲದೆ ಯಾರಿಗೆ ಹಾಕ್ತಾನೆ?" ಎಂದೆ.

"ಧಣಿಗೇ ಹಾಕಿದ್ದು ಅಂದ್ಕೊಂಡು ಸತ್ತ." ಅಣ್ಣ ಗೋಡೆ ನೋಡುತ್ತ ಹೇಳಿದ. ನನ್ನ ವಯಸ್ಸಿನಷ್ಟು ಕಾಲದಿಂದ ಮತಚೀಟಿಯಲ್ಲಿ ಧಣಿಯ ಹೆಸರೇ ಮೇಲೆ. ಗುಡ್ಡದವರು ಓದುವುದಿಲ್ಲ, ಮೇಲಿನಿಂದ ಮೊದಲನೆಯದಕ್ಕೆ ಮುದ್ರೆ ಒತ್ತುತ್ತಾರೆ. ಈ ಸಲ ಲಾಟರಿ ಎತ್ತಿ ಕ್ರಮ ಹಾಕಿದರು, ಧಣಿ ಎರಡನೆಯವನಾದ. ರೈಟರ್ ಎಲ್ಲರನ್ನೂ ಕಲ್ಲು ತೂಗುವ ತೂಕದ ಶೆಡ್ಡಿಗೆ ಕರೆದು ಎರಡನೆಯದು, ಎರಡನೆಯದು ಎಂದು ಬಾಯಿಪಾಠ ಮಾಡಿಸಿದ್ದ. ಅಪ್ಪ ಹಾಸಿಗೆಯಲ್ಲಿದ್ದ.

"ಅಪ್ಪಂಗೆ ನಾನು ಹೇಳ್ತೀನಿ ಅಂತ ರೈಟರ್‌ಗೆ ಅಂದಿದ್ದೆ. ಮರೆತೆ. ಕುರ್ಚೀಲಿ ವಾಪಸ್ ಕರ್ಕೊಂಡ್ ಬರೋವಾಗ ಅವನೇ ಅಂದ, ಮೇಲಿನದಕ್ಕೆ ಗಟ್ಟಿಯಾಗಿ ಒತ್ತಿದೀನಿ ಕಣೋ ಅಂತ. ಆಗ ಗೊತ್ತಾಯ್ತು. ಅವನಿಗೆ ಹೇಳಿ ಏನ್ ಮಾಡೋದು ಅಂತ ಬಿಟ್ಟೆ."

ಅಮ್ಮ ಸಾರು ಬಡಿಸಿದಳು.

"ಹೋಗಿ ಹೇಳು," ಎಂದಳು.

"ಹೇಳಿದ್ರೆ ಕಲ್ಲು ಕೊಡಲ್ಲ ಅತ್ತೆ," ಎಂದಳು ಅತ್ತಿಗೆ.

"ಕಲ್ಲಿನಡಿ ಮಲಗೋರು ಅವರು. ಸೂರಿನಡಿ ಮಲಗೋರು ನಾವು. ಊಟ ಮುಗಿಸಿ ಹೋಗು."

ರೈಟರ್ ತೂಕದ ಶೆಡ್ಡಿನ ಟೇಬಲ್ಲಿಗೆ ಕಾಲು ಕೊಟ್ಟು ಕೂತಿದ್ದ. ಅಣ್ಣ ಹೇಳುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಮೇಲಿನದು, ಎರಡನೆಯದು, ತನ್ನ ಮರೆವು, ಎಲ್ಲವನ್ನೂ ಹೇಳಿದ.

"ಸತ್ತವರ ಮೇಲೆ ಹಾಕೋದು ಸುಲಭ, ಅಲ್ವಾ?" ಎಂದ ರೈಟರ್.

"ನಿಜ ಹೇಳ್ತಿದೀನಿ. ಬೇಕಂತ ಮಾಡಿದ್ದಲ್ಲ."

"ನಿಜಾನೇ ಇರ್ಬಹುದು. ನಿಮ್ಮಪ್ಪ ಅಂಥೋನಲ್ಲ ಅಂತ ನಂಗೂ ಗೊತ್ತು. ಆದ್ರೆ ಧಣಿಗೆ ಒಂದು ಹೆಸರು ಬೇಕು, ಕಥೆ ಬೇಡ." ಫೋನು ಎತ್ತಿಕೊಂಡು ಹೊರಗೆ ಹೋದ. ತೂಕದ ಯಂತ್ರದ ಮುಳ್ಳು ಸೊನ್ನೆಗಿಂತ ಸ್ವಲ್ಪ ಈಚೆ ನಿಂತಿತ್ತು. ಅದನ್ನೇ ನೋಡುತ್ತಿದ್ದೆ. ಅವನು ಬೇಗ ಬಂದ.

"ಮನೆ ಇರಲಿ ಅಂದ್ರು. ನಿನ್ನ ಕೆಲಸಾನೂ ಇರಲಿ. ಕಲ್ಲು ಬೇಡ ಅಂದ್ರು."

"ಅಷ್ಟು ವರ್ಷ ದುಡಿದಿದಾನಲ್ಲ," ಎಂದೆ.

"ಅದಕ್ಕೇ ಅಲ್ವೇನಮ್ಮ ಮನೆ ಬಿಟ್ಟಿರೋದು?"

ಅಣ್ಣ ತಲೆಯಾಡಿಸಿದ. ನನಗೆ ಸಿಟ್ಟು ಬರಬೇಕಾಗಿತ್ತು. ಹಸಿವಾಗುತ್ತಿತ್ತು, ಊಟ ಅರ್ಧಕ್ಕೇ ಬಿಟ್ಟಿದ್ದೆ. ಕೆಳಗಿಳಿಯುವಾಗ ಡ್ರೈವರ್‌ನ ಹೆಂಡತಿ ಎದುರು ಸಿಕ್ಕಳು. ಸುದ್ದಿ ಆಗಲೇ ತಲುಪಿತ್ತು. "ನಿಮ್ಮಪ್ಪ ಪುಣ್ಯಾತ್ಮ ಕಣೇ, ಹೋಗ್ತಾ ಎಲ್ಲರ ಮನೆ ಉಳಿಸ್ದ," ಎಂದಳು. ಹೌದು ಎಂದೆ.

ಕಚೇರಿಯಲ್ಲಿ ಅಧಿಕಾರಿಗೆ ಮೇಲಿನಿಂದ ಪ್ರಶಂಸೆ ಬಂತು, ಎಣಿಕೆ ಶಿಸ್ತಾಗಿ ನಡೆಯಿತೆಂದು. ಎಲ್ಲರಿಗೂ ಬಿಸ್ಕತ್ತು, ಟೀ ಕೊಡಿಸಿದರು. ನಾನೂ ಕುಡಿದೆ.

ಮತ್ತೆ ಗುಡ್ಡಕ್ಕೆ ಹೋಗಲು ಆದದ್ದು ತಿಂಗಳ ಮೇಲೆ. ಅಪ್ಪನ ಗೋರಿಯ ಮಣ್ಣು ಕುಸಿದಿತ್ತು. ಅಮ್ಮ ಸುತ್ತಲೂ ಜಲ್ಲಿಯ ಅಂಚು ಕಟ್ಟಿದ್ದಳು. ಅಣ್ಣನಿಗೆ ಊಟದ ಡಬ್ಬಿ ಕೊಡಲು ತೂಕದ ಶೆಡ್ಡಿಗೆ ಹೋದೆ. ಬಾಗಿಲಿಗೆ ಹೊಸ ಮೆಟ್ಟಿಲು ಬಂದಿತ್ತು, ನಯವಾದದ್ದು. ಅರ್ಧ ಹೆಸರು ಕೆತ್ತಿದ ಕಲ್ಲನ್ನು ಯಾರಿಗೂ ಮಾರಲಾಗುವುದಿಲ್ಲ ಎಂದು ರೈಟರ್ ಅದನ್ನು ಮಗುಚಿ ಹಾಕಿಸಿದ್ದ. ಹೊತ್ತು ತಂದು ಹಾಕಿದವರು ಅಣ್ಣ ಮತ್ತು ಡ್ರೈವರ್, ಕುರ್ಚಿ ಹೊತ್ತಿದ್ದವರೇ.

ಅಣ್ಣ ಹೊರಗೆ ಬಂದ. ಕಲ್ಲಿನ ನಟ್ಟನಡುವೆ ಕಾಲಿಟ್ಟು ಇಳಿದ.

"ದಾಟಿ ಬರಬಹುದಲ್ಲ?" ಎಂದೆ.

"ಮೊದಲೆರಡು ದಿನ ದಾಟಿದೆ. ರೈಟರ್ ನೋಡ್ತಿದ್ದ." ಡಬ್ಬಿ ಇಸಕೊಂಡ. "ಕುಡಿಯೋಕೆ ನೀರು ತಂದಿಲ್ವಾ? ಒಳಗೆ ಹೂಜಿ ಇದೆ, ಒಂದು ಲೋಟ ತಗೊಂಡ್ ಬಾ."

ಒಳಗೆ ಹೋಗಲು ಬೇರೆ ದಾರಿ ಇರಲಿಲ್ಲ. ಹತ್ತಿದೆ.