ಎಲೆಬೂದಿಯ ಹಸಿರು

೧

ಎಲ್ಲಿಂದ ಶುರು ಮಾಡಲಿ? ಭಾಂಡುಪ್ ಸ್ಟೇಷನ್ನಿನಿಂದ ಶುರು ಮಾಡಿದರೆ ನೀವು ಲೋಕಲ್ ಟ್ರೇನಿನ ಗರ್ದಿಯನ್ನು ನಿರೀಕ್ಷಿಸುತ್ತೀರಿ. ಹಸಿ ಮಣ್ಣಿನ ವಾಸನೆಯಿಂದ ಶುರು ಮಾಡಿದರೆ ನನಗೇ ನನ್ನ ಮೇಲೆ ಗುಮಾನಿ ಬರುತ್ತದೆ. ಆದ್ದರಿಂದ ಗುಮಾನಿಯಿಂದಲೇ ಶುರು: ಶಾಮಲಾಳ ಲೋಟಗಳು ಯಾಕೆ ಅಷ್ಟು ಹಸಿರು?

೨

ಶಾಮಲಾ ಮೈಸೂರಿನವಳು, ಗಂಡನಿಗೆ ಬ್ಯಾಂಕಿನ ಕೆಲಸ. (ಗಂಡನನ್ನು ಟೂರಿಗೆ ಕಳಿಸಿದ್ದೇನೆ, ಅವನು ಬಂದರೆ ಮಾತು ಉದ್ದವಾಗುತ್ತದೆ.) ೧೯೮೯ನೇ ಇಸವಿ. ಭಾಂಡುಪಿನ ಮುಚ್ಚಿದ ಕಾರ್ಖಾನೆಯೊಂದರ ಶೆಡ್ಡಿನಲ್ಲಿ ಅವಳ ಕುಂಬಾರಿಕೆಯ ಚಕ್ರ, ಅವಳ ಭಟ್ಟಿ. ಮನೆಯಿರುವ ಹೌಸಿಂಗ್ ಸೊಸೈಟಿಯ ಬಾದಾಮ್ ಮರದಿಂದ ಉದುರಿದ ಎಲೆಯನ್ನು ಹಸಿ ಮಣ್ಣಿಗೆ ಒತ್ತಿ, ನರನರವೂ ಮೂಡುವಂತೆ ಬಟ್ಟಲು, ಲೋಟ ಮಾಡುತ್ತಾಳೆ. ಅದೇ ಎಲೆ ಸುಟ್ಟ ಬೂದಿಯಿಂದ ಮೇಲಿನ ಹೊಳಪಿನ ಲೇಪ. ಅಂಗಡಿಯ ಕೆಮಿಕಲ್ ಒಂದು ಚಿಟಿಕೆಯೂ ಇಲ್ಲ. ಬಾಂದ್ರಾದ ಗ್ಯಾಲರಿಯವರು ಮೆಚ್ಚಿ ಬರುವ ವಾರ ಪ್ರದರ್ಶನ ಇಟ್ಟಿದ್ದಾರೆ.

ನಂಬಿದಿರಾ? ನಾನು ನಂಬಲಿಲ್ಲ. ಮೊದಲೆಲ್ಲ ಅವಳ ಲೋಟಗಳು ಮಾಸಲು ಕಂದು ಬಣ್ಣಕ್ಕಿದ್ದವು. ಕಳೆದ ದಸರಾದಿಂದ ಈಚೆಗೆ ಹಸಿರು.

೩ (ಹರಿದು ಮತ್ತೆ ಬರೆದದ್ದು)

ಹಳೆಯ ಡ್ರಾಫ್ಟಿನಲ್ಲಿ ಶಾಮಲಾಳನ್ನು ಕಳ್ಳಿ ಮಾಡಿದ್ದೆ: ಕದ್ದುಮುಚ್ಚಿ ಬಣ್ಣದ ಪುಡಿ ಬೆರೆಸುತ್ತಾಳೆ ಅಂತ. ಅವಳು ಸುಮ್ಮನಿರಲಿಲ್ಲ.

"ಏನ್ರೀ, ನಿಮಗೆ ಅರ್ಥ ಆಗದ್ದೆಲ್ಲ ಮೋಸಾನಾ?"

"ಹಾಗಾದ್ರೆ ಹಸಿರು ಎಲ್ಲಿಂದ ಬಂತು?"

"ಎಲೆಯಿಂದ. ಇನ್ನೆಲ್ಲಿಂದ?"

ಅಷ್ಟು ಎಲೆ ಎಲ್ಲಿದೆ ಎಂದೆ. ಮೂಟೆಗಟ್ಟಲೆ ಸುಟ್ಟರೂ ಸಿಗುವುದು ಬೊಗಸೆ ಬೂದಿ. ಅವಳು ತಡವರಿಸಿದಳು. ಆರ್ಡರು ಹೆಚ್ಚಾಗಿ, ಬೂದಿ ಸಾಲದೆ, ದಸರಾದಿಂದ ಪಕ್ಕದ ಪಾವ್ ಬೇಕರಿಯಿಂದ ತರುತ್ತಿದ್ದಾಳಂತೆ.

"ಅದೂ ಮರದ್ದೇ ಅಲ್ವಾ? ಹೇಗೂ ಬಿಸಾಡೋ ಬೂದಿ, ಉಪಯೋಗ ಆಗ್ಲಿ ಅಂತ."

೪

ಬೇಕರಿಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. (ಲೇಖಕ ತನ್ನ ಪಾತ್ರದ ಜೊತೆ ರಸ್ತೆ ದಾಟಬಾರದೆಂಬ ನಿಯಮವಿದ್ದರೆ ಇರಲಿ.) ಒಲೆಯ ಮುಂದೆ ಕಲಬುರ್ಗಿ ಕಡೆಯ ಚಂದ್ರಾಮ.

"ಒಲೆಗೆ ಏನು ಹಾಕ್ತೀಯಪ್ಪಾ?"

"ಕಟ್ಟಿಗಿ ರೀ."

"ಎಂಥ ಕಟ್ಟಿಗೆ?"

"ಕಟ್ಟಿಗಿ ಅಂದ್ರ ಕಟ್ಟಿಗಿ. ಬೂದಿಗಿ ಏನ್ ಜಾತಿ ಇರ್ತದೇನ್ರೀ ಸಾಹೇಬ್ರ?" ಎನ್ನುತ್ತಾ ಹಿಂಬಾಗಿಲಿಗೆ ಅಡ್ಡ ನಿಂತ.

ಅವನ ಹೆಗಲ ಮೇಲಿಂದ ಕಂಡಿತು: ಕೆಡವಿದ ಚಾಳು-ವಠಾರಗಳ ಬಾಗಿಲು, ಕಿಟಕಿ, ರಾಶಿ ರಾಶಿ. ಎಲ್ಲಕ್ಕೂ ಹಸಿರು ಆಯಿಲ್ ಪೇಂಟ್. ಹಳೆಯ ಪೇಂಟಿನಲ್ಲಿ ಸೀಸ ಇರುತ್ತದೆ. ಬೂದಿಯಲ್ಲಿ ಉಳಿದ ಸೀಸ ಲೋಟದ ಹೊಳಪಿಗೆ ಸೇರುತ್ತದೆ, ಹುಳಿ ತಾಗಿದರೆ ಕರಗಿ ಹೊರಬರುತ್ತದೆ, ಮೈಗೆ ವಿಷ. ಇದು ನನಗಿಂತ ಶಾಮಲಾಗೆ ಚೆನ್ನಾಗಿ ಗೊತ್ತು. (ನನಗೆ ಗೆದ್ದೆ ಅನ್ನಿಸಿತು. ನಾಚಿಕೆಗೇಡು.)

೫

ಮುಕ್ತಾಯಗಳಿವೆ, ಆರಿಸಿಕೊಳ್ಳಿ.

ಅ. ಲೋಟದಲ್ಲಿ ನಿಂಬೆರಸ ಹಾಕಿಡುತ್ತಾಳೆ. ಮಾರನೇ ದಿನ ನೋಡಿದರೆ ಹೊಳಪು ಹಾಗೇ ಇದೆ. ಸುಖಾಂತ. (ಹೊಳಪು ಮಾಸಲಿಲ್ಲ ಎಂದ ಮಾತ್ರಕ್ಕೆ ವಿಷವಿಲ್ಲ ಎಂದೇನಲ್ಲ. ನನಗೆ ನಿಂಬೆಹಣ್ಣಿನ ಮೇಲೂ ಗುಮಾನಿ.)

ಆ. ಹೊಳಪು ಮಾಸುತ್ತದೆ. ಶಾಮಲಾ ಪ್ರದರ್ಶನಕ್ಕೆಂದು ತೆಗೆದಿಟ್ಟದ್ದನ್ನೆಲ್ಲ ಒಡೆದು ಅಳುತ್ತಾಳೆ.

"ನಾನು ಅತ್ತುಬಿಟ್ರೆ ಕತೆ ಮುಗೀತಾ?" ಎಂದಳು. "ಮನೇಲಿ ಅತ್ತೆ ಇದಾರೆ ಕಣ್ರೀ."

ಅತ್ತೆಯ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ.

೬

"ಬ್ಯಾಂಕ್ ಆಫೀಸರ್ ಹೆಂಡತಿ ಹೋಗಿ ಮಣ್ಣು ತುಳೀತಾಳೆ" ಎಂದು ಮೂಗು ಮುರಿಯುತ್ತಿದ್ದ ಅತ್ತೆ ಸುಬ್ಬಲಕ್ಷ್ಮಮ್ಮ, ಮೊದಲ ಹಸಿರು ಲೋಟ ಕಂಡ ದಿನ ತಮ್ಮ ಬೆಳ್ಳಿ ಲೋಟವನ್ನು ಒಳಗಿಟ್ಟರು. ಅಂದಿನಿಂದ ಊಟದ ಕೊನೆಗೆ ನಿಂಬೆಹಣ್ಣಿನ ಸಾರನ್ನು ಆ ಹಸಿರು ಲೋಟದಲ್ಲೇ ಕುಡಿಯುತ್ತಾರೆ. ಬಂದವರಿಗೆಲ್ಲ ತೋರಿಸುತ್ತಾರೆ: "ನನ್ನ ಸೊಸೆ ಕೈಯಾರೆ ಮಾಡಿದ್ದು."

ಈಗಲೂ ಊಟ ಮುಗಿಯುತ್ತಿದೆ. ಬೇಕರಿಯಿಂದ ಓಡಿಬಂದ ಶಾಮಲಾ ಅತ್ತೆಯ ಕೈಯಲ್ಲಿದ್ದ ಲೋಟವನ್ನು ಹಿಡಿದುಕೊಂಡಿದ್ದಾಳೆ. ಅತ್ತೆಯೂ ಬಿಟ್ಟಿಲ್ಲ. ನಾನು ಇಲ್ಲೇ ಕಾಗದದಿಂದ ಪೆನ್ನು ಎತ್ತಿದೆ. ಬರೆಯದಿದ್ದರೆ ಅವರು ಕುಡಿಯುವುದಿಲ್ಲವಲ್ಲ.

"ಇವತ್ತಿಂದು ನಿಲ್ಲಿಸಿದ್ರಿ," ಎಂದಳು ಶಾಮಲಾ ನನ್ನ ಕಡೆ ತಿರುಗಿ. "ನೀವು ಕತೆ ಶುರು ಮಾಡೋಕೆ ಮುಂಚೆ ಇವರು ಕುಡಿದಿದ್ದು?"

ನಿಮ್ಮ ಹತ್ತಿರ ಉತ್ತರ ಇದ್ದರೆ ಹೇಳಿ.

"ಯಾರ ಹತ್ರ ಮಾತಾಡ್ತಿದೀಯೇ?" ಎಂದರು ಸುಬ್ಬಲಕ್ಷ್ಮಮ್ಮ. "ಕೈ ಬಿಡು, ಸಾರು ಆರಿಹೋಗ್ತಿದೆ."